ಜಾನ್ಸನ್ ಕಾಲದ ಟೇಪು, ಫೈಲು, ನೆನಪು: ಯಾವುದನ್ನು ಎಷ್ಟು ನಂಬೋದು?

ಹಳೆಕಡತ

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದ ದಾಖಲೆಗಳ ಬಗ್ಗೆ ಇಲ್ಲಿ ಆಗಾಗ ಚೂರುಪಾರು ಮಾತು ಬರುತ್ತಿರುತ್ತದೆ. ಎಲ್ಲವೂ ಒಂದೇ ಕಡೆ ಇರಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಕೆನಡಿ ಹತ್ಯೆಯಾದ 1963ರ ನವೆಂಬರ್ 22ರಿಂದ 1969ರ ಜನವರಿವರೆಗೆ ಜಾನ್ಸನ್ ಅಧ್ಯಕ್ಷರಾಗಿದ್ದರು. ಅವರ ಕಾಗದಪತ್ರಗಳೆಲ್ಲ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಜಾನ್ಸನ್ ಲೈಬ್ರರಿಯಲ್ಲಿವೆ. ಸುಮಾರು 4.5 ಕೋಟಿ ಪುಟ. ಅದರ ಜೊತೆಗೆ ಸುಮಾರು 640 ಗಂಟೆಯಷ್ಟು ಫೋನ್ ಮಾತುಕತೆಯ ರೆಕಾರ್ಡಿಂಗ್ ಇದೆ. ಅವರ ಜೊತೆ ಕೆಲಸ ಮಾಡಿದವರು, ಜಗಳ ಆಡಿದವರು, ಅಡುಗೆ ಮಾಡಿದವರು, ಹೀಗೆ ಎಲ್ಲರನ್ನೂ ಕೂರಿಸಿ ಮಾತಾಡಿಸಿದ ಸಾವಿರಕ್ಕೂ ಹೆಚ್ಚು ಸಂದರ್ಶನಗಳೂ ಇವೆ.

ಹೊಸಬರಿಗೆ ನಾನು ಯಾವಾಗಲೂ ಹೇಳೋದು ಒಂದೇ. 1964ರ ಮೇ 27ರ ಟೇಪಿನಿಂದ ಶುರು ಮಾಡಿ. ಅವತ್ತು ಜಾನ್ಸನ್ ತಮ್ಮ ಹಳೇ ಗುರು, ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್ ಅವರ ಜೊತೆ ವಿಯೆಟ್ನಾಂ ಬಗ್ಗೆ ಮಾತಾಡುತ್ತಾರೆ. ಯುದ್ಧ ಬಿಟ್ಟು ಓಡಿಬಂದ ಅಧ್ಯಕ್ಷನನ್ನು ಜನ ಕಿತ್ತುಹಾಕ್ತಾರೆ ಅಲ್ವಾ ಅಂತ ಕೇಳುತ್ತಾರೆ. ಆಮೇಲೆ ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಜೊತೆ ಮಾತು. ರಾತ್ರಿಯೆಲ್ಲ ಇದೇ ಯೋಚನೆ, ಎಚ್ಚರವಾಗೇ ಇದ್ದೆ ಅನ್ನುತ್ತಾರೆ. ಇದು ಇನ್ನೊಂದು ಕೊರಿಯಾ ಆಗೋ ಹಾಗೆ ಕಾಣುತ್ತಿದೆ, ಇದಕ್ಕಾಗಿ ಹೊಡೆದಾಡೋದು ಸಾರ್ಥಕ ಅನಿಸೋದಿಲ್ಲ, ಬಿಟ್ಟು ಬರೋದಕ್ಕೂ ಆಗೋದಿಲ್ಲ ಅನ್ನುತ್ತಾರೆ. ಅಷ್ಟರಲ್ಲಿ ಮಾತು ತಮ್ಮ ಬಟ್ಟೆಬರೆ ನೋಡಿಕೊಳ್ಳುವ ಸಾರ್ಜೆಂಟ್ ಕಡೆಗೆ ತಿರುಗುತ್ತದೆ. ಅವನಿಗೆ ಆರು ಮಕ್ಕಳು. ಬೆಳಿಗ್ಗೆ ಅವನು ಸಾಮಾನು ತೆಗೆದಿಡುತ್ತಿದ್ದಾಗ ಅವನನ್ನೇ ನೋಡುತ್ತಿದ್ದೆ, ಇಂಥವನನ್ನು ಯಾವ ಕಾರಣಕ್ಕೆ ಅಲ್ಲಿಗೆ ಕಳಿಸಲಿ ಅಂತ ಬಂಡಿಯನ್ನು ಕೇಳುತ್ತಾರೆ.

ಹತ್ತು ತಿಂಗಳೂ ಕಳೆಯಲಿಲ್ಲ. 1965ರ ಮಾರ್ಚ್ 8ರಂದು ದಾ ನಾಂಗ್ ತೀರದಲ್ಲಿ ಅಮೆರಿಕದ ಮರೀನ್ ಪಡೆ ಇಳಿಯಿತು. 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು.

ಬರೀ ಫೈಲು ಓದಿದರೆ ಈ ಮನುಷ್ಯ ಏನನ್ನೂ ಅನುಮಾನಿಸದೆ ಯುದ್ಧಕ್ಕೆ ನುಗ್ಗಿದ ಅನಿಸುತ್ತದೆ. ಬರೀ ಟೇಪು ಕೇಳಿದರೆ ಪಾಪ, ಅವರಿಗೆ ಬೇಕಿರಲಿಲ್ಲ ಅನಿಸುತ್ತದೆ. ಆಮೇಲಿನ ಸಂದರ್ಶನಗಳಲ್ಲಿ ಸುತ್ತಲಿದ್ದವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಈ ಮೂರೂ ಒಂದಕ್ಕೊಂದು ಹೊಂದದ ಕಡೆಯೇ ನಿಂತು ಓದಬೇಕು. ನಿಜವಾದ ಕೆಲಸ ಇರುವುದು ಅಲ್ಲೇ. ನೀವೆಲ್ಲ ಯಾವುದು ಓದಿದ್ದೀರಿ, ಕೇಳಿದ್ದೀರಿ, ಹೇಳಿ.

ಸಂಜೆಓದು

ಒಳ್ಳೇ ಚರ್ಚೆ. ಆದರೆ ನನಗೊಂದು ತಕರಾರಿದೆ. ರೆಕಾರ್ಡ್ ಆಗ್ತಿದೆ ಅಂತ ಜಾನ್ಸನ್‌ಗೆ ಗೊತ್ತಿತ್ತು, ಆ ಕಡೆ ಮಾತಾಡುವವರಿಗೆ ಬಹುತೇಕ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಈ ಒದ್ದಾಟವೂ ಮುಂದಿನ ತಲೆಮಾರಿಗೆ ಕೇಳಿಸಲೆಂದೇ ಆಡಿದ ಮಾತು ಯಾಕಿರಬಾರದು?

ಇನ್ನೊಂದು ಮಾತು. ಆ ಸಾರ್ಜೆಂಟ್ ಪ್ರಸಂಗ ಕೇಳಿದ ಕೂಡಲೇ ನಮ್ಮ ಮನಸ್ಸು ಕರಗುತ್ತದೆ. ಆ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಮಿನ ಜನ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸತ್ತರು. ಅವರ ದನಿ ಆಸ್ಟಿನ್‌ನ ಟೇಪಿನಲ್ಲಿ ಎಲ್ಲಿದೆ? ಯಾರ ಕೈಯಲ್ಲಿ ಯಂತ್ರ ಇತ್ತೋ ಅವರ ದುಃಖ ಮಾತ್ರ ನಮಗೆ ಕೇಳಿಸುತ್ತದೆ. ಅದನ್ನು ಮರೆತು ಟೇಪು ಕೇಳಬಾರದು ಅಂತ ನನ್ನ ಕಳಕಳಿ.

ಹಳೆಕಡತ

@ಸಂಜೆಓದು ಅವರೇ, ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಮೊದಲನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ರೆಕಾರ್ಡ್ ಮಾಡುತ್ತಿದ್ದದ್ದು ಡಿಕ್ಟಾಫೋನ್ ಯಂತ್ರದಲ್ಲಿ. ಟೇಪು ಅಂತ ನಾವು ಸುಮ್ನೆ ಕರೆಯುತ್ತೇವೆ ಅಷ್ಟೆ. ಅದು ಪ್ಲಾಸ್ಟಿಕ್ ಬೆಲ್ಟ್. ಒಂದು ಬೆಲ್ಟಿಗೆ ಸುಮಾರು 15 ನಿಮಿಷ. ಮಾತಿನ ಮಧ್ಯೆ ಜಾನ್ಸನ್ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ, ಯಂತ್ರ ಹಾಕು ಅಂತ ಕಾರ್ಯದರ್ಶಿಗೆ ಸನ್ನೆ. ಆ ಕಾಲಕ್ಕೆ ಇದರ ದೊಡ್ಡ ಉಪಯೋಗ ದಿನನಿತ್ಯದ ರಾಜಕೀಯವೇ. ಯಾವ ಸೆನೆಟರ್ ಏನು ಮಾತು ಕೊಟ್ಟ, ನಾನೇನು ಒಪ್ಪಿಕೊಂಡೆ ಅನ್ನೋದಕ್ಕೆ ಕೈಯಲ್ಲಿ ಸಾಕ್ಷಿ ಬೇಕಿತ್ತು. ಅದಕ್ಕೇ ಕಾರ್ಯದರ್ಶಿಗಳು ಎಷ್ಟೋ ಕರೆಗಳನ್ನು ಆಗಲೇ ಟೈಪ್ ಮಾಡಿಟ್ಟಿದ್ದರು.

ಜಾನ್ಸನ್ ಸತ್ತದ್ದು 1973ರ ಜನವರಿ 22ರಂದು. ಬೆಲ್ಟುಗಳನ್ನು ಕಾಪಾಡಿಕೊಂಡು ಬಂದಿದ್ದ ಸಹಾಯಕಿ ಮಿಲ್ಡ್ರೆಡ್ ಸ್ಟೆಗಲ್ ಆಮೇಲೆ ಅವನ್ನು ಲೈಬ್ರರಿಗೆ ಒಪ್ಪಿಸಿದರು. ತಾನು ಸತ್ತ ಮೇಲೆ 50 ವರ್ಷ ಮುಚ್ಚಿಡಬೇಕು ಅನ್ನೋದು ಜಾನ್ಸನ್ ಹೇಳಿದ್ದ ಮಾತು. ಆ ಲೆಕ್ಕದಲ್ಲಿ 2023ರವರೆಗೆ ಯಾರೂ ಕೇಳುವ ಹಾಗಿರಲಿಲ್ಲ. ಆದರೆ ಕೆನಡಿ ಹತ್ಯೆಯ ದಾಖಲೆಗಳನ್ನು ತೆರೆಯಬೇಕು ಅಂತ 1992ರಲ್ಲಿ ಕಾನೂನು ಬಂತು. ಪ್ಲಾಸ್ಟಿಕ್ ಅಷ್ಟು ವರ್ಷ ಬಾಳುತ್ತದೋ ಇಲ್ಲವೋ ಅನ್ನೋ ಚಿಂತೆಯೂ ಇತ್ತು. ಆಗ ಲೈಬ್ರರಿಯ ನಿರ್ದೇಶಕರಾಗಿದ್ದವರು ಹ್ಯಾರಿ ಮಿಡಲ್‌ಟನ್. ಜಾನ್ಸನ್ ಜೊತೆಯಲ್ಲೇ ಕೆಲಸ ಮಾಡಿದ್ದವರು. ಅವರೇ ಮುಂಚಿತವಾಗಿ ತೆರೆಯುವ ತೀರ್ಮಾನ ಮಾಡಿದರು. ತನ್ನ ಯಜಮಾನರ ಮಾತನ್ನು ಮೀರಿ ಇತಿಹಾಸದ ಪರ ನಿಂತದ್ದು ಸಣ್ಣ ವಿಷಯ ಅಲ್ಲ. ಅವರ ಬಗ್ಗೆ ನನಗೆ ತುಂಬಾ ಗೌರವ.

ನಾಟಕ ಇತ್ತಾ ಅಂದರೆ, ಕೆಲವು ಕರೆಗಳಲ್ಲಿ ಖಂಡಿತ ಇತ್ತು. ಆದರೆ ಮೇ 27ರ ಮಾತು ಅವರ ಹೆಸರಿಗೆ ಒಳ್ಳೇದು ಮಾಡುವಂಥದ್ದಲ್ಲ. ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಜನರನ್ನು ಕಳಿಸಿದರು ಅನ್ನೋದಕ್ಕೆ ಅವರ ಬಾಯಿಂದಲೇ ಬಂದ ಸಾಕ್ಷಿ ಅದು. ಮುಂದಿನ ತಲೆಮಾರಿಗೆ ಚೆನ್ನಾಗಿ ಕಾಣಬೇಕು ಅಂತ ಮಾತಾಡುವವರು ಇದನ್ನಾ ಬಿಟ್ಟುಹೋಗೋದು?

ಆಸ್ಟಿನ್‌ವಾಸಿ

ನಾನು ಇದೇ ಊರಲ್ಲಿ ಇದ್ದೇನೆ, ಲೈಬ್ರರಿಗೆ ಹೋಗಿ ಕೂತು ಓದಿದ್ದೇನೆ. ಬರೋ ಯೋಚನೆ ಇದ್ದವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಬರೆಯುತ್ತೇನೆ.

ಟೆಕ್ಸಸ್ ವಿಶ್ವವಿದ್ಯಾಲಯದ ಆವರಣದಲ್ಲಿ ಹತ್ತು ಅಂತಸ್ತಿನ ಕಟ್ಟಡ. 1971ರ ಮೇ 22ಕ್ಕೆ ಉದ್ಘಾಟನೆ ಆಗಿದ್ದು. ದೊಡ್ಡ ಹಜಾರಕ್ಕೆ ಹೋಗಿ ತಲೆ ಎತ್ತಿದರೆ ಗಾಜಿನ ಹಿಂದೆ ಸಾಲು ಸಾಲು ಕೆಂಪು ಪೆಟ್ಟಿಗೆಗಳು ಕಾಣುತ್ತವೆ, ಮೇಲೆ ಚಿನ್ನದ ಬಣ್ಣದ ಅಧ್ಯಕ್ಷೀಯ ಮುದ್ರೆ. ನಾಲ್ಕು ಅಂತಸ್ತು ತುಂಬಾ ಬರೀ ಕಾಗದ. ನಮ್ಮ ಕಡೆಯಿಂದ ಬಂದವರನ್ನು ಕರೆದುಕೊಂಡು ಹೋದಾಗೆಲ್ಲ ಅವರು ಮೊದಲು ನಿಲ್ಲೋದು ಅಲ್ಲೇ.

ಓದುವ ಕೋಣೆ ಮೇಲಿದೆ. ಪೆನ್ನು ಒಳಗೆ ಬಿಡೋದಿಲ್ಲ, ಪೆನ್ಸಿಲ್ ಮಾತ್ರ. ಪೆಟ್ಟಿಗೆಯಿಂದ ಒಂದು ಸಲಕ್ಕೆ ಒಂದೇ ಫೋಲ್ಡರ್ ಹೊರಗೆ ತೆಗೆಯಬೇಕು, ಹಾಳೆಗಳ ಕ್ರಮ ಕೆಡಿಸಬಾರದು. ಫೋಲ್ಡರ್ ತೆರೆದಾಗ ಎಷ್ಟೋ ಸಲ ಮೊದಲು ಸಿಗೋದು ದಾಖಲೆ ಅಲ್ಲ, ಏನೇನು ತೆಗೆದಿಟ್ಟಿದ್ದೇವೆ ಅನ್ನುವ ಪಟ್ಟಿ. ಯಾವ ಥರದ ಕಾಗದ, ಯಾರು ಯಾರಿಗೆ ಬರೆದದ್ದು, ಯಾವತ್ತು, ಎಷ್ಟು ಪುಟ, ಯಾವ ಕಾರಣಕ್ಕೆ ಮುಚ್ಚಿದ್ದಾರೆ, ಎಲ್ಲ ಅದರಲ್ಲಿ ಇರುತ್ತದೆ. ಈ ಹಾಳೆಯನ್ನು ಹಗುರವಾಗಿ ಕಾಣಬೇಡಿ. ಇಂಥ ದಿನ ಇಂಥವರು ಇಂಥವರಿಗೆ ನಾಲ್ಕು ಪುಟ ಬರೆದಿದ್ದಾರೆ ಅನ್ನೋದೇ ಒಂದು ಸುದ್ದಿ. ಅದನ್ನು ಹಿಡಿದು, ಗುಟ್ಟಿನ ದಾಖಲೆಯನ್ನು ಮತ್ತೆ ಪರಿಶೀಲಿಸಿ ತೆರೆಯಿರಿ ಅಂತ ಅರ್ಜಿ ಹಾಕಬಹುದು. ವರ್ಷಗಟ್ಟಲೆ ಕಾಯಬೇಕಾಗಬಹುದು, ಅದು ಬೇರೆ ಮಾತು.

ಆದರೆ ಒಂದು ತಿಳಿದುಕೊಳ್ಳಿ. ಸಂದರ್ಶನಗಳ ಟೈಪ್ ಪ್ರತಿ, ಫೋನ್ ಕರೆಗಳು, ಅಧ್ಯಕ್ಷರ ದಿನಚರಿ ಇವೆಲ್ಲ ಬಹುಪಾಲು ಅಂತರ್ಜಾಲದಲ್ಲೇ ಉಚಿತವಾಗಿ ಸಿಗುತ್ತವೆ. ಶುರು ಮಾಡೋದಕ್ಕೆ ವಿಮಾನ ಹತ್ತುವ ಅಗತ್ಯ ಇಲ್ಲ.

ತುಂಗಾತೀರ

ನಾನು ಇತಿಹಾಸ ಓದಿದವಳಲ್ಲ. ಆದರೂ ಜಾನ್ಸನ್ ಹೆಸರು ನಮ್ಮ ಮನೆಯಲ್ಲಿ ಕೇಳಿದ್ದೇನೆ. ಅಮ್ಮ ಹೇಳುತ್ತಿದ್ದರು, ಅರವತ್ತೈದು-ಅರವತ್ತಾರರಲ್ಲಿ ರೇಷನ್ ಅಂಗಡಿಯಲ್ಲಿ ಅಮೆರಿಕದ ಗೋಧಿ ಕೊಡುತ್ತಿದ್ದರಂತೆ. ನಮ್ಮ ಕಡೆ ಅನ್ನ ಉಣ್ಣುವವರಿಗೆ ಗೋಧಿಯಲ್ಲಿ ಏನು ಮಾಡಬೇಕು ಅಂತಲೇ ಗೊತ್ತಿರಲಿಲ್ಲ. ಶಾಸ್ತ್ರಿಯವರು ಹೇಳಿದರು ಅಂತ ಸೋಮವಾರ ರಾತ್ರಿ ಒಲೆ ಹಚ್ಚುತ್ತಿರಲಿಲ್ಲವಂತೆ. ಆಮೇಲೆ ನಾವು ಶಾಲೆಗೆ ಹೋಗುವಾಗ ಕೊಡುತ್ತಿದ್ದ ಹಳದಿ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು, ಅದೂ ಅಮೆರಿಕದ್ದೇ. ಆ ಉಪ್ಪಿಟ್ಟಿನ ವಾಸನೆ ಈಗಲೂ ನೆನಪಿದೆ.

ಎರಡು ಪ್ರಶ್ನೆ. ಆ ಗೋಧಿಯ ಹಿಂದಿನ ಕಥೆ ಈ ದಾಖಲೆಗಳಲ್ಲಿ ಸಿಗುತ್ತದಾ? ಕಾಂಗ್ರೆಸ್ ಗಿಡ ಬಂದದ್ದೂ ಆ ಗೋಧಿಯ ಜೊತೆಗೇ ಅಂತಾರಲ್ಲ, ಅದು ಜಾನ್ಸನ್ ಕಾಲದಲ್ಲಾ?

ಬಯಲುಸೀಮೆ

@ತುಂಗಾತೀರ ಅಕ್ಕ, ಮೊದಲು ಗಿಡದ ವಿಷಯ ಮುಗಿಸಿಬಿಡೋಣ. ಪಾರ್ಥೇನಿಯಂ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955-56ರ ಹೊತ್ತಿಗೇ. ಜಾನ್ಸನ್ ಅಧ್ಯಕ್ಷರಾಗಿದ್ದು 1963ರಲ್ಲಿ. ಗೋಧಿ ಜೊತೆ ಬಂತು ಅನ್ನೋದು ಜನ ನಂಬಿಕೊಂಡು ಬಂದ ಮಾತು. ಹಾಗೆ ಬಂದಿದ್ದರೂ ಜಾನ್ಸನ್ ಕಾಲಕ್ಕಿಂತ ಮುಂಚೆಯೇ ಬಂದಿರಬೇಕು.

ಗೋಧಿಯ ಕಥೆ ದಾಖಲೆಗಳಲ್ಲಿ ಸಿಗುತ್ತದಾ ಅಂದರೆ, ಧಾರಾಳವಾಗಿ ಸಿಗುತ್ತದೆ. ನಾನು ಕೃಷಿ ಹಿನ್ನೆಲೆಯಿಂದ ಬಂದವನು, ಜಾನ್ಸನ್ ದಾಖಲೆಗಳಿಗೆ ಕೈ ಹಾಕಿದ್ದೇ ಇದಕ್ಕಾಗಿ.

ಪಿ.ಎಲ್. 480 ಅನ್ನೋದು 1954ರ ಕಾನೂನು, ಐಸೆನ್‌ಹೋವರ್ ಕಾಲದ್ದು. ಅಮೆರಿಕದಲ್ಲಿ ಹೆಚ್ಚಾದ ಧಾನ್ಯವನ್ನು ನಾವು ರೂಪಾಯಿಯಲ್ಲೇ ಹಣ ಕೊಟ್ಟು ತರಿಸಿಕೊಳ್ಳಬಹುದಿತ್ತು. 1965ರ ಮಧ್ಯದಲ್ಲಿ ಹಳೇ ಒಪ್ಪಂದದ ಅವಧಿ ಮುಗಿಯಿತು. ಮತ್ತೆ ವರ್ಷಗಟ್ಟಲೆಯ ಒಪ್ಪಂದಕ್ಕೆ ಜಾನ್ಸನ್ ಒಪ್ಪಲಿಲ್ಲ. ಒಂದೆರಡು ತಿಂಗಳಿಗೆ ಆಗುವಷ್ಟು ಮಾತ್ರ ಮಂಜೂರು ಮಾಡೋದು, ಮತ್ತೆ ಕೇಳಿದರೆ ಮತ್ತಷ್ಟು ಕೊಡೋದು. ಹಗ್ಗ ಬಿಗಿ ಹಿಡಿದುಕೊಂಡ ಹಾಗೆ. ಆ ವರ್ಷ ಮಳೆ ಕೈಕೊಟ್ಟಿತು. ಮರುವರ್ಷವೂ ಕೊಟ್ಟಿತು. ಬಿಹಾರದಲ್ಲಿ ಬರ. ಹಡಗಿನಿಂದ ಇಳಿದ ಗೋಧಿ ನೇರವಾಗಿ ಬಾಯಿಗೆ ಹೋಗುವ ಸ್ಥಿತಿ. ಅಂಥ ಹೊತ್ತಿನಲ್ಲಿ ವಾಷಿಂಗ್ಟನ್‌ನಲ್ಲಿ ಒಂದು ಸಹಿ ತಡವಾದರೆ ಇಲ್ಲಿ ರೇಷನ್ ಅಂಗಡಿಯ ಸರತಿ ಸಾಲಿಗೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ.

ಜಾನ್ಸನ್‌ಗೆ ಬೇಕಿದ್ದದ್ದು ಭಾರತ ಕೃಷಿಗೆ ಜಾಸ್ತಿ ಹಣ ಹಾಕಬೇಕು, ಗೊಬ್ಬರಕ್ಕೆ, ಹೊಸ ಬೀಜಕ್ಕೆ ದಾರಿ ಮಾಡಬೇಕು ಅನ್ನೋದು. 1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ನಮ್ಮ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಮತ್ತು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಕೂತು ಒಪ್ಪಂದ ಮಾಡಿಕೊಂಡರು. ಅದರಲ್ಲಿದ್ದ ಬಹಳಷ್ಟು ಅಂಶಗಳನ್ನು ಸುಬ್ರಮಣ್ಯಂ ಅವರೇ ಮೊದಲಿನಿಂದ ಮಾಡಬೇಕು ಅಂದುಕೊಂಡಿದ್ದರು. ಇದನ್ನು ಮರೆತು, ಅಮೆರಿಕ ಕಿವಿ ಹಿಂಡಿದ್ದಕ್ಕೇ ಹಸಿರು ಕ್ರಾಂತಿ ಆಯಿತು ಅಂತ ಬರೆಯುವವರನ್ನು ಕಂಡರೆ ನನಗೆ ಬೇಜಾರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿ ಬೀಜ ತರಿಸುವ ಧೈರ್ಯ ಮಾಡಿದ್ದು ಇಲ್ಲಿಯವರು. ಆ ಮಂತ್ರಿ 1967ರ ಚುನಾವಣೆಯಲ್ಲಿ ಸೋತೂ ಹೋದರು.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಕೊಡುವಾಗ ಅವರು ಕೊಟ್ಟದ್ದು ಕಮ್ಮಿ ಏನಲ್ಲ. ಒಂದು ಹಂತದಲ್ಲಿ ಅಮೆರಿಕ ಬೆಳೆದ ಗೋಧಿಯ ಸುಮಾರು ಐದನೇ ಒಂದು ಭಾಗ ಭಾರತಕ್ಕೆ ಬಂತು.

ಓದಬೇಕು ಅನ್ನುವವರಿಗೆ ಎರಡು ಜಾಗ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ದಾಖಲೆಗಳನ್ನು ಸಂಪುಟಗಳಾಗಿ ಪ್ರಕಟಿಸುತ್ತದೆ. 1964–68ರ ಸರಣಿಯ 25ನೇ ಸಂಪುಟ ಪೂರ್ತಿ ದಕ್ಷಿಣ ಏಷ್ಯಾದ್ದು. ಎರಡನೆಯದು ಆಸ್ಟಿನ್‌ನಲ್ಲಿರುವ ರಾಷ್ಟ್ರೀಯ ಭದ್ರತಾ ಮಂಡಳಿಯ ಫೈಲುಗಳು. ಅದರಲ್ಲಿ 1966ರ ಆಗಸ್ಟ್‌ನಿಂದ 1967ರ ಫೆಬ್ರವರಿವರೆಗಿನ ಭಾರತದ ಬರದ ಬಗ್ಗೆಯೇ ಒಂದು ಪ್ರತ್ಯೇಕ ಕಡತ ಮಾಡಿಟ್ಟಿದ್ದಾರೆ. ನಮ್ಮ ಹಸಿವಿನ ಬಗ್ಗೆ ಅವರ ಭದ್ರತಾ ಮಂಡಳಿಯ ಕಪಾಟಿನಲ್ಲಿ ಒಂದು ಕಟ್ಟು!

ಸಂಜೆಓದು

@ಬಯಲುಸೀಮೆ, ಬಹಳ ಚೆನ್ನಾಗಿ ಹೇಳಿದಿರಿ. ಇದಕ್ಕೆ ಸಂದರ್ಶನಗಳನ್ನೂ ಸೇರಿಸಿಕೊಳ್ಳಿ. ಫ್ರೀಮನ್ ಅವರದ್ದೂ ಇದೆ, ಆಗ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಚೆಸ್ಟರ್ ಬೌಲ್ಸ್ ಅವರದ್ದೂ ಇದೆ. ಬೌಲ್ಸ್ ಜೊತೆ ಮಾತಾಡಿದ್ದು ಜೋ ಫ್ರಾಂಟ್ಸ್, ಈ ಇಡೀ ಸಂದರ್ಶನ ಯೋಜನೆಯನ್ನು ಶುರುವಿನಲ್ಲಿ ನಡೆಸಿದ ಇತಿಹಾಸದ ಪ್ರಾಧ್ಯಾಪಕರು. ಬೌಲ್ಸ್ ಈ ತಿಂಗಳ ಲೆಕ್ಕದ ಗೋಧಿ ನೀತಿಯನ್ನು ಕಟುವಾಗಿ ವಿರೋಧಿಸಿದವರು. ಹಸಿದವರ ಮುಂದೆ ಇಂಥ ಆಟ ಬೇಡ ಅನ್ನೋದು ಅವರ ನಿಲುವು. ಫ್ರೀಮನ್ ಕೂತಿದ್ದು ವಾಷಿಂಗ್ಟನ್‌ನಲ್ಲಿ, ಅಧ್ಯಕ್ಷರ ಎದುರಿಗೆ. ಇಬ್ಬರೂ ಒಂದೇ ಸರ್ಕಾರದವರು, ಮಾತಾಡುತ್ತಿರುವುದು ಒಂದೇ ಹಡಗಿನ ಬಗ್ಗೆ. ಆದರೂ ಯಾರು ಎಲ್ಲಿ ಕೂತಿದ್ದರು ಅನ್ನೋದು ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ.

1966ರ ಜುಲೈನಲ್ಲಿ ಇಂದಿರಾ ಗಾಂಧಿ ಮಾಸ್ಕೋಗೆ ಹೋಗಿದ್ದಾಗ ವಿಯೆಟ್ನಾಂ ಬಾಂಬ್ ದಾಳಿ ನಿಲ್ಲಿಸಬೇಕು ಅಂತ ಹೇಳಿಕೆ ಬಂತಲ್ಲ, ಅದು ಜಾನ್ಸನ್‌ರನ್ನು ಕೆರಳಿಸಿತು. ಗೋಧಿ ತಡವಾದದ್ದರಲ್ಲಿ ಕೃಷಿ ಸುಧಾರಣೆಯ ಪಾಲೆಷ್ಟು, ಈ ಸಿಟ್ಟಿನ ಪಾಲೆಷ್ಟು? ನನ್ನ ಮಟ್ಟಿಗೆ ಜಾನ್ಸನ್ ಕಾಲದ ಬಗ್ಗೆ ಭಾರತೀಯರು ಕೇಳಬೇಕಾದ ಮುಖ್ಯ ಪ್ರಶ್ನೆಯೇ ಇದು. ಇಲ್ಲಿ @ಹಳೆಕಡತ ಹೇಳಿದ್ದು ಸರಿ, ಮೂರನ್ನೂ ಎದುರುಬದುರು ಇಟ್ಟು ಓದಲೇಬೇಕು.

ಕಪ್ಪುಮಣ್ಣು

ಎಲ್ಲರೂ ಮಂತ್ರಿ, ರಾಯಭಾರಿ, ಸೆನೆಟರ್ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಅಡುಗೆಯವರ ಬಗ್ಗೆ ಬರೆಯುತ್ತೇನೆ. ಆ ಇಡೀ ಸಂಗ್ರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೆಫರ್ ರೈಟ್ ಅವರ ಸಂದರ್ಶನ.

ಪೂರ್ವ ಟೆಕ್ಸಸ್‌ನ ಮಾರ್ಷಲ್ ಅನ್ನೋ ಊರಿನ ಕಪ್ಪು ಹೆಣ್ಣುಮಗಳು. ಅಲ್ಲಿನ ವೈಲಿ ಕಾಲೇಜಿನಲ್ಲಿ ಓದುತ್ತಿದ್ದಾಗ, 1942ರಲ್ಲಿ, ಜಾನ್ಸನ್‌ರ ಹೆಂಡತಿ ಲೇಡಿ ಬರ್ಡ್ ಇವರನ್ನು ಅಡುಗೆಗೆ ಗೊತ್ತು ಮಾಡಿದರು. ಆಮೇಲೆ ಜಾನ್ಸನ್ ಸಂಸತ್ತಿನಲ್ಲಿದ್ದಾಗಿಂದ ವೈಟ್ ಹೌಸ್‌ವರೆಗೆ ಆ ಮನೆಯ ಅಡುಗೆ ಅವರದ್ದೇ. 1974ರಲ್ಲಿ ಮೈಕೆಲ್ ಜಿಲೆಟ್ ಅವರನ್ನು ಮಾತಾಡಿಸಿದ್ದಾರೆ.

ಆ ಕುಟುಂಬ ಟೆಕ್ಸಸ್‌ನಿಂದ ವಾಷಿಂಗ್ಟನ್‌ಗೆ ಕಾರಿನಲ್ಲಿ ಓಡಾಡುತ್ತಿತ್ತು. ದೂರದ ದಾರಿ, ದಕ್ಷಿಣದ ರಾಜ್ಯಗಳನ್ನು ದಾಟಿಕೊಂಡೇ ಹೋಗಬೇಕು. ದಾರಿಯ ಹೋಟೆಲುಗಳಲ್ಲಿ ಕಪ್ಪು ಜನರಿಗೆ ಊಟ ಇಲ್ಲ, ಮಲಗಲು ಕೋಣೆ ಇಲ್ಲ, ಶೌಚಾಲಯಕ್ಕೂ ಬಿಡುತ್ತಿರಲಿಲ್ಲ. ಸೆನೆಟರ್ ಮನೆಯ ಅಡುಗೆಯವರಾದರೂ ಅಷ್ಟೇ. ದಿನಸಿ ಅಂಗಡಿಯಲ್ಲಿ ಏನೋ ಕೊಂಡು ತಿನ್ನಬೇಕು, ರಸ್ತೆ ಪಕ್ಕದ ಪೊದೆಯ ಮರೆ ಹುಡುಕಬೇಕು. ಕೊನೆಗೆ ಇನ್ನು ಕಾರಿನಲ್ಲಿ ಹೋಗೋದಿಲ್ಲ ಅಂತ ಅವರು ಹೇಳಿಯೇ ಬಿಟ್ಟರು. ಆ ಕಾಲದಲ್ಲಿ, ಆ ಮನೆಯಲ್ಲಿ, ಹಾಗೆ ಹೇಳಲು ಎಷ್ಟು ಗಟ್ಟಿ ಇರಬೇಕು!

1964ರ ನಾಗರಿಕ ಹಕ್ಕುಗಳ ಕಾನೂನಿಗೆ ಬೆಂಬಲ ಕೂಡಿಸುವಾಗ ಜಾನ್ಸನ್ ದಕ್ಷಿಣದ ಸೆನೆಟರ್‌ಗಳಿಗೆ ಇದೇ ಪ್ರಸಂಗ ಹೇಳುತ್ತಿದ್ದರು. ನನ್ನ ಮನೆಯ ಅಡುಗೆಯವರಿಗೆ ಹೀಗಾಗುತ್ತದೆ, ಇದು ಸರಿಯಾ ಅಂತ. 1964ರ ಜುಲೈ 2ರಂದು ಸಹಿ ಆಯಿತು. ಅವತ್ತು ರೈಟ್ ಅಲ್ಲೇ ಇದ್ದರು. ಸಹಿಗೆ ಬಳಸಿದ ಪೆನ್ನುಗಳಲ್ಲಿ ಒಂದನ್ನು ಜಾನ್ಸನ್ ಅವರ ಕೈಗೆ ಕೊಟ್ಟರು, ಬೇರೆ ಯಾರಿಗಿಂತ ನಿನಗೇ ಇದು ಸಲ್ಲಬೇಕು ಅಂದರು.

ಆ ಕಾನೂನಿನ ಸಭೆ, ಮತ, ತಿದ್ದುಪಡಿಗಳ ಬಗ್ಗೆ ಪೆಟ್ಟಿಗೆಗಟ್ಟಲೆ ಕಾಗದ ಇದೆ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಏನಾಗುತ್ತಿತ್ತು ಅನ್ನೋದನ್ನು ಅವರ ಬಾಯಿಂದಲೇ ಕೇಳಲು ಸಿಗೋದು ಇಂಥ ಸಂದರ್ಶನದಲ್ಲಿ. ಯಾರೋ ಒಬ್ಬರು ಹೋಗಿ ಕೂತು ಕೇಳಿದ್ದಕ್ಕೆ ಇದು ಉಳಿಯಿತು. ರೈಟ್ 1988ರಲ್ಲಿ ತೀರಿಕೊಂಡರು.

ತುಂಗಾತೀರ

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ನೀರು ಬೇರೆ, ಲೋಟ ಬೇರೆ ಅಂತ ನಮ್ಮೂರಲ್ಲೇ ನೋಡಿ ಬೆಳೆದವರು ನಾವು. ಬೇರೆ ದೇಶದ ಮಾತು ಅಂತ ಓದಿ ಮುಂದೆ ಹೋಗಲು ಆಗುವುದಿಲ್ಲ.

ಹಳೆಕಡತ

@ಕಪ್ಪುಮಣ್ಣು ಅವರಿಗೆ ನಮಸ್ಕಾರ. ಇದು ಇಲ್ಲಿ ಬರಲೇಬೇಕಿತ್ತು.

ಒಂದು ಮಾತು ಸೇರಿಸುತ್ತೇನೆ. ಜಾನ್ಸನ್ ಕಥೆ ಹೇಳುವುದರಲ್ಲಿ ಭಾರಿ ಪಳಗಿದವರು. ಇದೇ ಪ್ರಯಾಣದ ಕಥೆಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಹೇಳಿದ್ದಾರೆ. ಒಂದು ಕಡೆ ಅಡುಗೆಯವರು, ಇನ್ನೊಂದು ಕಡೆ ಕಾರು ಓಡಿಸುವವರು ಮತ್ತು ಮನೆಯ ನಾಯಿ. ಅವರ ಬಾಯಲ್ಲಿ ಅದು ಮತ ಗೆಲ್ಲುವ ಸಾಧನ ಆಗಿತ್ತು. ಅನುಭವಿಸಿದವರ ಸ್ವಂತ ಸಾಕ್ಷಿ ನಮ್ಮ ಹತ್ತಿರ ಇರುವುದರಿಂದಲೇ ಯಾವುದು ಮೂಲ, ಯಾವುದು ಹೊಳಪು ಅಂತ ನೋಡಲು ಸಾಧ್ಯ.

ಲೇಡಿ ಬರ್ಡ್ ಅವರ ದಿನಚರಿಯನ್ನೂ ಮರೆಯಬೇಡಿ. ಕೆನಡಿ ಹತ್ಯೆಯಾಗಿ ಒಂದು ವಾರ ಕಳೆದ ಮೇಲೆ, 1963ರ ನವೆಂಬರ್ 30ರಂದು ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಲು ಶುರು ಮಾಡಿದರು. ಕೊನೆಗೆ ಅದು ಸುಮಾರು 123 ಗಂಟೆ ಆಯಿತು. ಐದಾರು ವರ್ಷ ಬಿಟ್ಟು ಯಾರೋ ಕೇಳಿದಾಗ ಹೇಳಿದ ನೆನಪು ಬೇರೆ, ನೆನಪು ಹಸಿಯಾಗಿರುವಾಗಲೇ ಆಡಿಟ್ಟ ಮಾತು ಬೇರೆ ಅಲ್ವಾ.

ಸಂಜೆಓದು

ಮುಚ್ಚಿಟ್ಟ ದಾಖಲೆ ಅಂದಾಗ ಆ ಲಕೋಟೆಯ ವಿಷಯ ಹೇಳದಿದ್ದರೆ ಹೇಗೆ.

1968ರ ಚುನಾವಣೆ. ಜಾನ್ಸನ್ ಸ್ಪರ್ಧೆಯಲ್ಲಿ ಇಲ್ಲ. ನಿಕ್ಸನ್ ಮತ್ತು ಜಾನ್ಸನ್‌ರ ಪಕ್ಷದ ಹಂಫ್ರಿ ನಡುವೆ ಹಣಾಹಣಿ. ಪ್ಯಾರಿಸ್‌ನಲ್ಲಿ ಶಾಂತಿ ಮಾತುಕತೆ ಕುದುರುವ ಹಾಗಿತ್ತು. ಆಗ ನಿಕ್ಸನ್ ಕಡೆಯ ಆನಾ ಶೆನಾಲ್ಟ್ ಅನ್ನುವವರು ದಕ್ಷಿಣ ವಿಯೆಟ್ನಾಂ ರಾಯಭಾರಿಗೆ, ಈಗ ಒಪ್ಪಬೇಡಿ, ಸ್ವಲ್ಪ ಕಾಯಿರಿ ಅಂತ ಸುದ್ದಿ ಮುಟ್ಟಿಸುತ್ತಿದ್ದಾರೆ ಅಂತ ಜಾನ್ಸನ್‌ಗೆ ಗುಪ್ತಚರರಿಂದ ಗೊತ್ತಾಯಿತು. ನವೆಂಬರ್ 2ರ ರಾತ್ರಿ ನಿಕ್ಸನ್ ಪಕ್ಷದ ಸೆನೆಟ್ ನಾಯಕ ಎವರೆಟ್ ಡರ್ಕ್‌ಸನ್‌ಗೆ ಫೋನ್ ಮಾಡಿ, ಇದು ದೇಶದ್ರೋಹ ಅಂದರು. ಟೇಪಿನಲ್ಲಿದೆ. ಡರ್ಕ್‌ಸನ್ ಕೂಡ ಹೌದು ಅಂದರು. ಆದರೂ ಜಾನ್ಸನ್ ಜನರ ಮುಂದೆ ಬಾಯಿ ಬಿಡಲಿಲ್ಲ. ಮೂರು ದಿನದ ಮೇಲೆ ನಿಕ್ಸನ್ ಗೆದ್ದರು.

ಆ ಕಾಗದಗಳನ್ನು ಜಾನ್ಸನ್‌ರ ಸಲಹೆಗಾರ ವಾಲ್ಟ್ ರಾಸ್ಟೊ ತಮ್ಮ ಹತ್ತಿರ ಇಟ್ಟುಕೊಂಡಿದ್ದರು. 1973ರಲ್ಲಿ ಒಂದು ಲಕೋಟೆಯಲ್ಲಿ ಹಾಕಿ ಲೈಬ್ರರಿಗೆ ಕೊಟ್ಟು, 50 ವರ್ಷ ತೆರೆಯಬೇಡಿ ಅಂತ ಬರೆದರು. ಎಕ್ಸ್ ಲಕೋಟೆ ಅಂತಲೇ ಹೆಸರಾಗಿದೆ. ಲೈಬ್ರರಿ ಅದನ್ನು 1994ರಲ್ಲೇ ತೆರೆಯಿತು. ನಿಕ್ಸನ್ ಕೊನೆಯವರೆಗೂ ನನಗೇನೂ ಗೊತ್ತಿಲ್ಲ ಅಂದರು. ಆದರೆ ಅವರ ಸಹಾಯಕ ಹಾಲ್ಡೆಮನ್ 1968ರ ಅಕ್ಟೋಬರ್ 22ರಂದು ಕೈಯಲ್ಲಿ ಬರೆದುಕೊಂಡ ಟಿಪ್ಪಣಿ ನಿಕ್ಸನ್ ಲೈಬ್ರರಿಯಲ್ಲೇ ಸಿಕ್ಕಿತು. ಶೆನಾಲ್ಟ್ ತಮ್ಮ ಕೆಲಸ ಮುಂದುವರಿಸಲಿ ಅನ್ನುವ ಸೂಚನೆ ಅದರಲ್ಲಿದೆ. ಜಾನ್ಸನ್ ಹೇಳಿದ್ದಕ್ಕೆ ಸಾಕ್ಷಿ ಎದುರಾಳಿಯ ಕಪಾಟಿನಲ್ಲಿ ಇತ್ತು. ಒಂದೇ ಲೈಬ್ರರಿಯಲ್ಲಿ ಕೂತು ಮುಗಿಸಿಬಿಡುವ ಕೆಲಸ ಇದಲ್ಲ.

ಆ ದಿನಗಳಲ್ಲಿ ಅಧ್ಯಕ್ಷರ ಕಾಗದ ಅವರ ಸ್ವಂತ ಆಸ್ತಿ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ವಾಟರ್‌ಗೇಟ್ ಹಗರಣ ಆದಮೇಲೆ 1978ರಲ್ಲಿ ಕಾನೂನು ಬಂದು, 1981ರಿಂದ ಅವು ಸರ್ಕಾರದ ಸೊತ್ತಾದವು.

ತುಂಗಾತೀರ

ನಿನ್ನೆ ಒಂದು ಫೋನ್ ಕರೆ ಹಾಕಿ ಕೇಳಿದೆ. ಆ ಟೆಕ್ಸಸ್ ಉಚ್ಚಾರ ನನಗೆ ಅರ್ಧವೂ ಅರ್ಥ ಆಗಲಿಲ್ಲ. ಕಾರ್ಯದರ್ಶಿಗಳು ಟೈಪ್ ಮಾಡಿದ ಪ್ರತಿ ಇಟ್ಟುಕೊಂಡು ಕೇಳಿದರೆ ಸಾಕಾ?

ಆಸ್ಟಿನ್‌ವಾಸಿ

ಸಾಲದು ಮೇಡಂ. ಇಲ್ಲೇ ಇರುವ ನನಗೂ ಕೆಲವು ಕಡೆ ತಡವರಿಸುತ್ತದೆ. ಆ ಟೈಪ್ ಪ್ರತಿಗಳನ್ನು ಅವಸರದಲ್ಲಿ ಮಾಡಿದ್ದು. ಒಂದು ಪ್ರತಿಯಲ್ಲಿ ಜಾನ್ಸನ್ ಯಾರನ್ನೋ ಬೈದ ಹಾಗೆ ‘ಪ್ಯಾಕ್ ದೆಮ್ ಬಾಸ್ಟರ್ಡ್ಸ್’ ಅಂತ ಇತ್ತು. ಆಮೇಲೆ ಗಮನವಿಟ್ಟು ಕೇಳಿದಾಗ ಅದು ‘ಪಾಕಿಸ್ತಾನ್ ಅಂಬಾಸಡರ್’. ರಾಯಭಾರಿ ಕಾಯುತ್ತಿದ್ದಾರೆ ಅಂತ ಹೇಳಿದ್ದು. ಟೈಪ್ ಪ್ರತಿ ಮಾತ್ರ ನಂಬಿ ಪುಸ್ತಕ ಬರೆದಿದ್ದರೆ ಏನಾಗುತ್ತಿತ್ತು ನೋಡಿ.

ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್‌ನವರು ಎಷ್ಟೋ ಕರೆಗಳನ್ನು ಮತ್ತೆ ಮತ್ತೆ ಕೇಳಿ ಎಚ್ಚರಿಕೆಯಿಂದ ಬರೆದಿದ್ದಾರೆ. ಇರುವ ಕಡೆ ಅದನ್ನು ಬಳಸಿ. ಇಲ್ಲದ ಕಡೆ ಚಿಕ್ಕ ಚಿಕ್ಕ ತುಂಡು ಮಾಡಿಕೊಂಡು ಕೇಳಿ. ಒಂದು ವಾರ ಕಿವಿಗೆ ಬಿದ್ದರೆ ಆ ಉಚ್ಚಾರ ಹಿಡಿತಕ್ಕೆ ಬರುತ್ತದೆ.

ನಿಮಗೆ ಭಾರತದ ವಿಷಯದಲ್ಲೇ ಆಸಕ್ತಿ ಇರುವುದರಿಂದ ಒಂದು ದಾರಿ ಹೇಳುತ್ತೇನೆ. 1966ರ ಮಾರ್ಚ್ 28ರಂದು ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಬಂದರು. ಆ ಭೇಟಿಯಲ್ಲಿ ನಮ್ಮ ರಾಯಭಾರಿ ಬಿ.ಕೆ. ನೆಹರು ಅವರ ಮನೆಗೆ ಜಾನ್ಸನ್ ಬಂದದ್ದು ಸ್ವಲ್ಪ ಹೊತ್ತು ಇದ್ದು ಹೋಗಲೆಂದು. ಅವರು ಊಟಕ್ಕೆ ಉಳಿಯುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಉಳಿದೇ ಬಿಟ್ಟರು. 30ರಂದು ಭಾರತಕ್ಕೆ ಧಾನ್ಯ ಕೊಡಬೇಕು ಅಂತ ಸಂಸತ್ತಿಗೆ ಸಂದೇಶ ಕಳಿಸಿದರು. ಅಧ್ಯಕ್ಷರ ದಿನಚರಿಯಲ್ಲಿ ಅವರು ಎಷ್ಟು ಗಂಟೆಗೆ ಎಲ್ಲಿಗೆ ಹೋದರು, ಯಾರನ್ನು ಕಂಡರು, ಯಾವಾಗ ವಾಪಸ್ ಬಂದರು ಅಂತ ಕಾರ್ಯದರ್ಶಿಗಳು ಬರೆದಿಡುತ್ತಿದ್ದರು. ಆ ಮೂರು ದಿನದ ದಿನಚರಿ ತೆಗೆದು ಪಕ್ಕದಲ್ಲಿ 25ನೇ ಸಂಪುಟ ಇಟ್ಟುಕೊಂಡು ಓದಿ.

ಬಯಲುಸೀಮೆ

ಇದೊಳ್ಳೇ ಐಡಿಯಾ. ಆದರೆ ಮಾರ್ಚ್ ಒಂದೇ ಸಾಲದು, ಜುಲೈನ ಮಾಸ್ಕೋ ಹೇಳಿಕೆಯ ಆಚೆಗೂ ಹೋಗೋಣ. ಮಾರ್ಚ್‌ನಲ್ಲಿ ಊಟಕ್ಕೆ ಉಳಿದ ಮನುಷ್ಯ ವರ್ಷದ ಕೊನೆಗೆ ಗೋಧಿ ಹಡಗು ತಡೆಹಿಡಿದದ್ದು ಯಾಕೆ ಅನ್ನೋದು ನಡುವಿನ ಆ ತಿಂಗಳುಗಳಲ್ಲೇ ಇದೆ. ನಾನು ಫ್ರೀಮನ್ ಸಂದರ್ಶನ ಮತ್ತು ಬರದ ಕಡತ ತೆಗೆದುಕೊಳ್ಳುತ್ತೇನೆ. @ಸಂಜೆಓದು ಬೌಲ್ಸ್ ನೋಡಲಿ. @ತುಂಗಾತೀರ ಅಕ್ಕ ಮಾರ್ಚ್ ದಿನಚರಿ ನೋಡಿ. ನಮ್ಮ ಕಡೆಯ ದಾಖಲೆಗೆ ದೆಹಲಿಯ ತೀನ್ ಮೂರ್ತಿಯ ಗ್ರಂಥಾಲಯ ಇದೆ, ಅಲ್ಲೂ ಮೌಖಿಕ ಇತಿಹಾಸದ ಸಂಗ್ರಹ ಇದೆ. ದೆಹಲಿಯಲ್ಲಿ ಇರುವವರು ಯಾರಾದರೂ ಹೋಗಿ ನೋಡ್ತೀರಾ?

ಕಪ್ಪುಮಣ್ಣು

ನಾನು ದೆಹಲಿಯಲ್ಲೇ ಇದ್ದೇನೆ. ತೀನ್ ಮೂರ್ತಿ ನನಗೆ ಬಿಡಿ. ಯಾವ ಹೆಸರುಗಳಿಂದ ಹುಡುಕಬೇಕು ಅಂತ ಒಂದು ಪಟ್ಟಿ ಕಳಿಸಿ. ಸುಬ್ರಮಣ್ಯಂ ಮತ್ತು ಬಿ.ಕೆ. ನೆಹರು ಇರಲಿ, ಆಹಾರ ಇಲಾಖೆಯ ಕೆಳಗಿನ ಅಧಿಕಾರಿಗಳ ಹೆಸರೂ ಹಾಕಿ. ಬಂದರಿನಲ್ಲಿ ನಿಂತು ಹಡಗು ಎಣಿಸಿದವರು ಅವರೇ ತಾನೇ.